ಇಂಗ್ಲಿಷಿನ ‘ದೌ’: ಮರ್ಯಾದೆನಾ ಏಕವಚನನಾ?

ಪ್ರಶ್ನೆ:
ಹಳೇ ಇಂಗ್ಲಿಷ್ ನಾಟಕ, ಬೈಬಲ್‌ನಲ್ಲೆಲ್ಲ ದೌ, ದೀ, ದೈ ಅಂತ ಬರುತ್ತಲ್ಲ, ದೇವರನ್ನೂ ಹಂಗೇ ಕರೀತಾರೆ, ಅಂದ್ರೆ ನಮ್ಮ ‘ತಾವು’ ಥರ ಗೌರವದ ಪದಾನಾ? ಆದ್ರೆ ನಾಟಕದಲ್ಲಿ ಬೈಯೋವಾಗ್ಲೂ ದೌ ಅಂತಾರೆ. ಮತ್ತೆ ಈಗ ಯಾಕೆ ಯಾರೂ ಬಳಸಲ್ಲ?

ಉತ್ತರ 1:
ದೌ ಅಂದ್ರೆ ‘ನೀನು’. ದೀ ನಿನ್ನನ್ನ, ದೈ ನಿನ್ನ. ಜಾಸ್ತಿ ಜನ ಇದ್ರೆ ಯೀ, ಅಂದ್ರೆ ‘ನೀವು’, ‘ನಿಮ್ಮನ್ನ’ ಅನ್ನೋದಕ್ಕೆ ಯೂ. ಮೊದಮೊದಲು ಇದರಲ್ಲಿ ಮರ್ಯಾದೆ ಪ್ರಶ್ನೆನೇ ಇರ್ಲಿಲ್ಲ, ಎದುರಿಗೆ ಒಬ್ಬನೇ ಇದ್ರೆ ಅವನು ರಾಜನಾದ್ರೂ ದೌ, ಇಬ್ಬರಿಗೆ ಅಂತ ಸಂಸ್ಕೃತದ ಥರ ದ್ವಿವಚನ ಕೂಡ ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಲಿ ಫ್ರೆಂಚ್ ಬಂತು, ಅವರಲ್ಲಿ ದೊಡ್ಡವರಿಗೆ ಬಹುವಚನ ಹಚ್ಚೋ ರೂಢಿ, ಅದನ್ನ ನೋಡಿ 13ನೇ ಶತಮಾನದಿಂದ ಇಂಗ್ಲಿಷಲ್ಲೂ ಒಬ್ಬರಿಗೇ ಯೀ, ಯೂ ಅನ್ನೋದು ಶುರುವಾಯ್ತು. ದೌ ಆಪ್ತರಿಗೆ, ಮಕ್ಕಳಿಗೆ, ಆಳುಗಳಿಗೆ ಉಳೀತು. ಬೈಗುಳ ಆಗಿದ್ದೂ ಹಂಗೇ. 1603ರಲ್ಲಿ ಹೆಸರುವಾಸಿ ನಾವಿಕ ವಾಲ್ಟರ್ ರ್‍ಯಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್, ನಿನ್ನನ್ನ ದೌ ಅಂತಲೇ ಕರೀತೀನಿ ದ್ರೋಹಿ ಅಂತ ತುಂಬಿದ ಕೋರ್ಟಲ್ಲಿ ಕೂಗಾಡಿದ್ದ.

ಉತ್ತರ 2:
ಬೈಬಲ್ ವಿಷಯ ಬೇರೆ. ಹೀಬ್ರೂ, ಗ್ರೀಕ್ ಮೂಲದಲ್ಲಿ ಒಬ್ಬರಿಗೆ ಏಕವಚನ, ಹಲವರಿಗೆ ಬಹುವಚನ ಅಷ್ಟೇ, 16ನೇ ಶತಮಾನದಲ್ಲಿ ಬೈಬಲ್ ಇಂಗ್ಲಿಷಿಗೆ ತಂದ ಟಿಂಡೇಲ್ ತನ್ನ ಅನುವಾದದಲ್ಲಿ ಅದನ್ನೇ ಪಾಲಿಸಿದ, 1611ರ ಕಿಂಗ್ ಜೇಮ್ಸ್ ಆವೃತ್ತಿ ಅನ್ನೋ ಇಂಗ್ಲಿಷ್ ಬೈಬಲ್ಲೂ ಅದೇ ದಾರಿ ಹಿಡೀತು. ಆಮೇಲೆ ಜನರ ಮಾತಿಂದ ದೌ ಹೋಯ್ತು, ಪ್ರಾರ್ಥನೆಲಿ ಮಾತ್ರ ಉಳೀತು, ಅದಕ್ಕೇ ಇವತ್ತು ಕಿವಿಗೆ ಅಷ್ಟು ಗಂಭೀರ ಅನ್ಸೋದು. ನಾವೂ ದೇವರಿಗೆ ನೀನು ಅಂತಲೇ ಅಲ್ವಾ ಅನ್ನೋದು, ಬಸವಣ್ಣ ಕೂಡಲಸಂಗಮನ ಹತ್ರ ಮಾತಾಡಿದ್ದೂ ಹಂಗೇ.

ಉತ್ತರ 3:
ಯಾಕೆ ಹೋಯ್ತು ಅಂದ್ರೆ, ಎದುರಿಗಿರೋನ ಅಂತಸ್ತು ಗೊತ್ತಿಲ್ಲದಿದ್ರೆ ಯೂ ಅಂದ್ಬಿಡೋದೇ ಸೇಫು, ಹಂಗೆ ಅಂದೂ ಅಂದೂ 17ನೇ ಶತಮಾನದಲ್ಲಿ ಎಲ್ಲರೂ ಎಲ್ಲರಿಗೂ ‘ನೀವು’ ಆಗ್ಬಿಟ್ರು. ಇದನ್ನ ಒಪ್ಪದೆ ನಿಂತವರು ಜಾರ್ಜ್ ಫಾಕ್ಸ್ ಮತ್ತವರ ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು, ದೇವರ ಮುಂದೆ ಎಲ್ಲ ಸಮ ಅಂತ ನ್ಯಾಯಾಧೀಶರಿಗೂ ದೌ ಅನ್ನೋರು, ಅದಕ್ಕೆ ಏಟೂ ತಿಂದಿದಾರೆ. ನಂಗೆ ಈ ಇಡೀ ಕಥೇಲಿ ಮನಸ್ಸಿಗೆ ತಟ್ಟೋದು ಇವರೇ, ಸಮಾನತೆಗೆ ಎಲ್ಲರನ್ನೂ ನೀವು ಅನ್ನೋ ದಾರಿ ಬಿಟ್ಟು ಎಲ್ಲರನ್ನೂ ನೀನು ಅಂದ್ರು. ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಆಡುಮಾತಲ್ಲಿ ಈ ದೌ ‘ದಾ’ ಅಂತ ಇನ್ನೂ ಕೇಳುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ‘ಯೀ ಓಲ್ಡ್’ ಅಂತ ಅಂಗಡಿ ಬೋರ್ಡ್‌ಗಳಲ್ಲಿ ಬರೋ ಯೀನೂ ಇದೇನಾ?

ಉತ್ತರ 1:
ಅಲ್ಲ, ಅದು ‘ದಿ’. ‘th’ ಉಚ್ಚಾರಕ್ಕೆ ಇದ್ದ ಥಾರ್ನ್ ಅನ್ನೋ ಹಳೇ ಅಕ್ಷರ ಕೈಬರಹದಲ್ಲಿ ವೈ ಥರಾನೇ ಕಾಣ್ತಿತ್ತು, ಅಚ್ಚಿನವರು ವೈ ಮೊಳೆನೇ ಹಾಕಿದ್ರು.