'ಡ್ರ್ಯಾಗನ್ ಇನ್' ಅಪ್ಪನ ಜೊತೆ ನೋಡಬೇಕು, ಹೇಗೆ ಶುರು ಮಾಡಲಿ?

ಕಿಂಗ್ ಹೂ ನಿರ್ದೇಶನದ 1967ರ ಚೀನೀ ಭಾಷೆಯ ಸಿನಿಮಾ 'ಡ್ರ್ಯಾಗನ್ ಇನ್' ನೋಡೋಕೆ ಕೂತಿದ್ದೆ. ಶುರುವಿನಲ್ಲೇ ಅರಮನೆ ರಾಜಕೀಯ, ಒಂದರ ಮೇಲೊಂದು ಹೆಸರು. ಯಾರು ಯಾರ ಕಡೆ ಅಂತ ತಿಳಿಯದೆ ನಿಲ್ಲಿಸಿಬಿಟ್ಟೆ. ಅಪ್ಪನಿಗೆ ಕತ್ತಿವರಸೆ ಸಿನಿಮಾ ಅಂದ್ರೆ ಪ್ರಾಣ, ಆದರೆ ಇಂಗ್ಲಿಷ್ ಸಬ್‌ಟೈಟಲ್ ಓದೋದು ಕಷ್ಟ. ನೋಡಿದವರು ಹೇಗೆ ನೋಡಿದ್ರಿ, ಹೇಳ್ತೀರಾ?

ಉತ್ತರ:
ನಮ್ಮ ಮನೆಯಲ್ಲೂ ಇದೇ ಕತೆ. ನಾನು ಮಾಡಿದ್ದು ಇಷ್ಟೇ, ಸಿನಿಮಾ ಹಾಕೋ ಮೊದಲು ಕತೆಯ ತಳಪಾಯ ಹೇಳಿಬಿಟ್ಟೆ. ಇಸವಿ 1457, ಚೀನಾದಲ್ಲಿ ಮಿಂಗ್ ದೊರೆಗಳ ಕಾಲ. ತ್ಸಾವ್ ಅನ್ನೋ ನಪುಂಸಕ ಅಧಿಕಾರಿ ಅರಮನೆಯನ್ನೇ ಮುಷ್ಟಿಯಲ್ಲಿ ಇಟ್ಕೊಂಡಿದ್ದಾನೆ. ನಿಷ್ಠಾವಂತ ಮಂತ್ರಿಯೊಬ್ಬರ ತಲೆ ತೆಗೆಸಿ, ಅವರ ಮಕ್ಕಳನ್ನು ಗಡಿಗೆ ಗಡೀಪಾರು ಮಾಡಿಸ್ತಾನೆ. ಆ ಮಕ್ಕಳೂ ಉಳಿಯಬಾರದು ಅಂತ ಅವನ ಬಂಟರು ಗಡಿಯ ಹೋಟೆಲೊಂದನ್ನು ಹಿಡಿದು ಕಾಯ್ತಾ ಕೂರ್ತಾರೆ. ಆಗ ಕೊಡೆ ಹಿಡಿದ ಒಂಟಿ ಅಲೆಮಾರಿ ಅಲ್ಲಿಗೆ ಬರ್ತಾನೆ, ಹೆಸರು ಶಾವ್. ಹೋಟೆಲಿನ ಯಜಮಾನ ಅವನ ಗೆಳೆಯ, ಸತ್ತ ಮಂತ್ರಿಯ ಕೈಕೆಳಗೆ ಇದ್ದವನು. ಇಷ್ಟು ಗೊತ್ತಿದ್ರೆ ಸಾಕು, ಉಳಿದ ಹೆಸರು ಮರೆತರೂ ನಡೆಯುತ್ತೆ.

ಶಾವ್ ಪಾತ್ರ ಮಾಡಿದ ಶಿ ಚುನ್ ಅವರ ಮುಖವನ್ನೇ ನೋಡ್ತಾ ಇರಿ. ಸುತ್ತಲೂ ಕೊಲ್ಲೋಕೆ ಕಾದವರು, ಇವನು ಮಾತ್ರ ಊಟಕ್ಕೆ ಬಂದವನ ಹಾಗೆ ಆರಾಮಾಗಿ ಕೂತಿರ್ತಾನೆ. ನೂಡಲ್ಸ್ ತುಂಬಿದ ಬಟ್ಟಲನ್ನು ಪಕ್ಕದ ಮೇಜಿಗೆ ಎಸೀತಾನೆ, ಒಂದು ತೊಟ್ಟೂ ಚೆಲ್ಲಲ್ಲ! ಕತ್ತಿ ಹಿರಿಯೋ ಮೊದಲೇ ಇವನ ತಾಕತ್ತು ಏನು ಅಂತ ಎದುರಿನವರಿಗೂ ನಮಗೂ ಗೊತ್ತಾಗುತ್ತೆ. ಅಪ್ಪ ಆ ದೃಶ್ಯ ಮತ್ತೆ ಹಾಕಿಸ್ಕೊಂಡು ನೋಡಿದ್ರು.

ಉತ್ತರ:
ದಯವಿಟ್ಟು ಸೌಂಡ್ ಕಮ್ಮಿ ಮಾಡಬೇಡಿ. ಇದರ ಸಾಹಸ ನಿರ್ದೇಶಕ ಹಾನ್ ಯಿಂಗ್‌ಜಿಯೆ ಪೀಕಿಂಗ್ ಒಪೆರಾ ಅನ್ನೋ ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕದಲ್ಲಿ ಪಳಗಿದವರು. ಹಿನ್ನೆಲೆಯ ತಾಳವಾದ್ಯವೂ ಆ ರಂಗಭೂಮಿಯದೇ. ಒಬ್ಬ ಹೆಜ್ಜೆ ಇಟ್ಟು ನಿಂತ, ತಿರುಗಿ ನೋಡಿದ ಅಂದ್ರೆ ಅಲ್ಲೊಂದು ಪೆಟ್ಟು ಬೀಳುತ್ತೆ. ಯಕ್ಷಗಾನದಲ್ಲಿ ಚಂಡೆಗೆ ಕಿವಿ ಕೊಟ್ಟು ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮೊಬೈಲ್ ಪರದೆಯಲ್ಲಿ ಅಂತೂ ಬೇಡವೇ ಬೇಡ.

ಉತ್ತರ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅಗಲ ಪರದೆಗೆ ಅಂತಲೇ ತೆಗೆದ ಚಿತ್ರ ಇದು. ಎರಡೂ ಅಂಚು ಕತ್ತರಿಸಿದ ಹಳೇ ಕಾಪಿ ಸಿಕ್ಕರೆ ಬಿಟ್ಟುಬಿಡಿ, ಮೂಲೆಯ ಮೇಜಿನಲ್ಲಿ ಕೂತವನು ಕಣ್ಣಿಗೇ ಬೀಳಲ್ಲ. ಕಿಂಗ್ ಹೂ ಆ ಹೋಟೆಲಿನ ಮೆಟ್ಟಿಲು, ಬಾಗಿಲು, ಕಿಟಕಿ ಎಲ್ಲವನ್ನೂ ಹೊಡೆದಾಟಕ್ಕೆ ಬಳಸ್ತಾರೆ. ರೀಸ್ಟೋರ್ ಮಾಡಿದ ಪ್ರತಿಯೇ ನೋಡಿ.

ಇನ್ನೂ ಸುಲಭದ್ದು ಬೇಕು ಅಂದ್ರೆ ಅವರದೇ 'ಕಮ್ ಡ್ರಿಂಕ್ ವಿತ್ ಮಿ' (1966) ಇದೆ. ಅದರಲ್ಲೂ ಹೋಟೆಲಿನ ದೃಶ್ಯ ಇದೆ, ಚೆಂಗ್ ಪೇ-ಪೇ ನಾಯಕಿ. 'ಎ ಟಚ್ ಆಫ್ ಜೆನ್' ಮಾತ್ರ ಮೊದಲಿಗೇ ಹಾಕಬೇಡಿ. 1975ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಕಿಂಗ್ ಹೂ ಅವರ ದೊಡ್ಡ ಸಿನಿಮಾ ಅದು, ನನಗೆ ಅಚ್ಚುಮೆಚ್ಚು, ಆದರೆ ಸುಮಾರು ಮೂರು ಗಂಟೆ. ಮೊದಲ ದೊಡ್ಡ ಹೊಡೆದಾಟ ಬರೋ ಹೊತ್ತಿಗೆ ಅಪ್ಪ ಎದ್ದು ಹೋಗಬಹುದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮಾತುಗಳನ್ನು ನಾನೇ ಓದಿ ಹೇಳ್ತಾ ಹೋದ್ರೆ ರಸಭಂಗ ಆಗಲ್ವಾ? 1992ರ ರೀಮೇಕ್ ಮೊದಲು ತೋರಿಸಲಾ?

ಉತ್ತರ:
ರಸಭಂಗ ಏನೂ ಆಗಲ್ಲ, ನಾನು ಅಮ್ಮನಿಗೆ ಹಾಗೇ ಮಾಡಿದ್ದು. ಹೋಟೆಲಿನ ಒಳಗಿನ ಮಾತುಕತೆ ಬಂದಾಗ ನಿಲ್ಲಿಸಿ ಎರಡು ಮಾತಲ್ಲಿ ಹೇಳಿ. ಕತ್ತಿ ಹೊರಗೆ ಬಂದ ಮೇಲೆ ಸುಮ್ಮನಿದ್ದುಬಿಡಿ. ಕೊನೆಯ ಕಾಳಗಕ್ಕೆ ಮುಂಚೆ ಒಂದೇ ವಿಷಯ ತಿಳಿಸಿ, ತ್ಸಾವ್‌ಗೆ ಉಬ್ಬಸ ಇದೆ. ಅಷ್ಟು ದೊಡ್ಡ ವೀರನನ್ನು ಎಲ್ಲರೂ ಸೇರಿ ಸುತ್ತಾಡಿಸಿ, ಕೆಣಕಿ, ಉಸಿರು ಕಟ್ಟಿಸೋದು ಯಾಕೆ ಅಂತ ಆಗ ಅರ್ಥ ಆಗುತ್ತೆ.

1992ರದ್ದು ಆಮೇಲೆ ಇರಲಿ. ಮ್ಯಾಗಿ ಚೆಯುಂಗ್, ಬ್ರಿಜಿಟ್ ಲಿನ್ ಇಬ್ಬರೂ ಇದ್ದಾರೆ, ಚೆನ್ನಾಗಿದೆ, ಆದರೆ ಓಟ ಜಾಸ್ತಿ. ಅದನ್ನು ನೋಡಿದ ಕಣ್ಣಿಗೆ 1967ರದ್ದು ನಿಧಾನ ಅನ್ನಿಸಿಬಿಡುತ್ತೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಾಕಿ, ಎರಡು ಗಂಟೆಯೊಳಗೆ ಮುಗಿಯುತ್ತೆ. ಅಪ್ಪ ಏನಂದ್ರು ಅಂತ ಇಲ್ಲೇ ಬರೀರಿ.