ಸಹಾಯ ಬೇಕು: ದುಡಿಯುವವರ ಓದಿಗೆ ಹಣ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಪಕ್ಕದ ಮನೆ ಅಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಈಗ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬೇಕು ಅಂತಿದ್ದಾರೆ. ಅಡಿಕೆ ಸುಲಿಯುವ ಕೆಲಸ ಶುರುವಾದರೆ ರಾತ್ರಿವರೆಗೂ ಮೆಟ್ಟುಗತ್ತಿ ಮುಂದೆಯೇ. ಪುಸ್ತಕ ಮುಟ್ಟಿದರೆ ಹಾಳೆಗೆಲ್ಲ ಬೆರಳಿನ ಕರೆ. ಟ್ಯೂಷನ್‌ಗೆ ಅಂತ ಶಿವಮೊಗ್ಗಕ್ಕೆ ಹೋದರೆ ಬಸ್ ಚಾರ್ಜಿನ ಜೊತೆ ಆ ದಿನದ ಕೂಲಿಯೂ ಹೋಯ್ತು. ಫೀಸಿಗಿಂತ ಅದೇ ಜಾಸ್ತಿ ಹೊಡೆತ ಅಲ್ವಾ?

ಕೇಂದ್ರ ಸರ್ಕಾರದ ವಯಸ್ಕರ ಸಾಕ್ಷರತೆಯ ಉಲ್ಲಾಸ್ ಕಾರ್ಯಕ್ರಮ ಮುಖ್ಯವಾಗಿ ಓದು ಬರಹ ಬಾರದವರಿಗೆ. ಕಟ್ಟಡ ಕಾರ್ಮಿಕರ ಮಂಡಳಿಯ ಶೈಕ್ಷಣಿಕ ಸಹಾಯಧನ ಕಾರ್ಮಿಕರ ಮಕ್ಕಳಿಗೆ. ದುಡಿಯುವ ತಾಯಿಯೇ ಓದುತ್ತೇನೆ ಅಂದರೆ ಯಾರನ್ನು ಕೇಳಬೇಕು? ಇಂಥವರಿಗೆ ನೆರವಾಗುವ ಟ್ರಸ್ಟ್, ಸಂಘ ಗೊತ್ತಿದ್ದರೆ ತಿಳಿಸಿ. ಅಕ್ಕ ಸುಮ್ನೆ ದುಡ್ಡು ಬೇಡ ಅನ್ನುತ್ತಾರೆ, ಸ್ವಾಭಿಮಾನಿ. ಭಾನುವಾರ ಊರಲ್ಲೇ ಗಣಿತ ಹೇಳಿಕೊಡುವವರು ಸಿಕ್ಕರೂ ಸಾಕು. ಹಳೇ ಪುಸ್ತಕ ಇದ್ದರೆ ನಾನೇ ಬಂದು ತಗೊಂಡು ಹೋಗುತ್ತೇನೆ.