ಕಾಂಪೊನೆಂಟ್ ನವೀಕರಿಸಿದ ಮೇಲೆ ಮುಂದಿನ ನೋಡ್ ಕೆಂಪಾಗಿದೆ (ನೈಮ್)

ಭತ್ತದ_ಲೆಕ್ಕ, ಸಿಂಧನೂರು:
ನಮ್ಮದು ದಲ್ಲಾಳಿ ಅಂಗಡಿ. ಮೂರು ವರ್ಷದ ಭತ್ತದ ದರವನ್ನು ಎಕ್ಸೆಲ್‌ನಿಂದ ನೈಮ್‌ಗೆ (KNIME, ಕೋಡ್ ಬರೆಯದೆ ದತ್ತಾಂಶ ಸಂಸ್ಕರಿಸುವ ತಂತ್ರಾಂಶ) ತಂದು, ಏಳು ದಿನದ ಚಲಿಸುವ ಸರಾಸರಿ ತೆಗೆಯುವ ವರ್ಕ್‌ಫ್ಲೋ, ಅಂದರೆ ಒಂದೊಂದು ಕೆಲಸ ಮಾಡುವ ನೋಡ್‌ಗಳ ಸರಪಳಿ, ಕಟ್ಟಿಕೊಂಡಿದ್ದೇನೆ. ಅಮಾವಾಸ್ಯೆಗೆ ನಾವು ಅಂಗಡಿ ತೆರೆಯುವುದಿಲ್ಲ, ಹಬ್ಬಕ್ಕೂ ಇಲ್ಲ. ಆ ದಿನಗಳ ಸಾಲುಗಳೇ ಪಟ್ಟಿಯಲ್ಲಿಲ್ಲ. ಮೂವಿಂಗ್ ಆವರೇಜ್ ನೋಡ್ ಎಣಿಸುವುದು ಸಾಲುಗಳನ್ನು, ದಿನಗಳನ್ನಲ್ಲ. ಹಾಗಾಗಿ ಬಿಟ್ಟುಹೋದ ದಿನಾಂಕಗಳಿಗೆ ಹಿಂದಿನ ದಿನದ ದರ ತುಂಬುವ ಕಾಂಪೊನೆಂಟ್ (ಹಲವು ನೋಡ್‌ಗಳನ್ನು ಒಳಗಿಟ್ಟ ಸಿದ್ಧ ಪೆಟ್ಟಿಗೆ) ಒಂದನ್ನು, ಬಳಕೆದಾರರು ಇಂಥವನ್ನು ಹಂಚಿಕೊಳ್ಳುವ ನೈಮ್ ಹಬ್ ಜಾಲತಾಣದಿಂದ ಎಳೆದು ಹಾಕಿದ್ದೆ. ಎರಡು ಸುಗ್ಗಿ ತಕರಾರಿಲ್ಲದೆ ನಡೆಯಿತು. ಮೊನ್ನೆ ತೆರೆದಾಗ ನವೀಕರಿಸಲೇ ಎಂದು ಕೇಳಿತು, ಹೌದು ಎಂದೆ. ಅಂದಿನಿಂದ ಕಾಂಪೊನೆಂಟ್ ಹಸಿರಾಗುತ್ತದೆ, ಅದರ ಮುಂದಿನ ಮ್ಯಾತ್ ಫಾರ್ಮುಲಾ ನೋಡ್‌ನ ದೀಪ ಕೆಂಪು ಬಿಟ್ಟು ಕದಲುವುದಿಲ್ಲ. ಅಲ್ಲಿರುವುದು ಒಂದೇ ಗುಣಾಕಾರ: 75 ಕೆ.ಜಿ. ಚೀಲದ ದರವನ್ನು ಕ್ವಿಂಟಲ್‌ಗೆ ತಿರುಗಿಸುವುದು. ಕಾಂಪೊನೆಂಟ್ ಒಳಗೆ ಹೋಗಿ ನೋಡೋಣವೆಂದರೆ ಏನನ್ನೂ ಮುಟ್ಟಲು ಬಿಡುತ್ತಿಲ್ಲ.

ಬಿಸಿಲೂರು_ಬಳ್ಳಾರಿ:
ಕಾಲಂ ಹೆಸರುಗಳು ಕನ್ನಡದಲ್ಲಿವೆಯೇ? ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತವಾಗಿದ್ದರೆ ಅದರೊಳಗಿರುವುದು ಕನ್ನಡವೇ ಅಲ್ಲ, ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಭತ್ತದ_ಲೆಕ್ಕ:
ಯೂನಿಕೋಡ್‌ನಲ್ಲೇ ಇದೆ. ಕಡತದಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಮಾನ್ವಿ_ಕೊನೆಕಾಲುವೆ:
ಕಡತ ಬದಲಾಗಿಲ್ಲ ಎಂದಮೇಲೆ ಬದಲಾಗಿರುವುದು ಕಾಂಪೊನೆಂಟ್. ಅದರ ಮೂಲೆಯಲ್ಲಿ ಪುಟ್ಟ ಹಸಿರು ಬಾಣದ ಗುರುತು ಇರಬೇಕು, ನೋಡಿ. ಇದ್ದರೆ ಅದು ಹಬ್‌ನಲ್ಲಿರುವ ಮೂಲಕ್ಕೆ ಕೊಂಡಿ (ಲಿಂಕ್) ಹಾಕಿದ ಕಾಂಪೊನೆಂಟ್. ಒಡೆತನ ಅದನ್ನು ಹಬ್‌ಗೆ ಹಾಕಿದ ಪ್ರಕಾಶಕರದು, ನಿಮಗೆ ಓದಲು ಮಾತ್ರ ಅವಕಾಶ. ಕಂಟ್ರೋಲ್ ಒತ್ತಿ ಎರಡು ಬಾರಿ ಕ್ಲಿಕ್ ಮಾಡಿದರೆ ಒಳಗಿನದೆಲ್ಲ ಕಾಣುತ್ತದೆ, ತಿದ್ದಲು ಆಗುವುದಿಲ್ಲ. ಅದು ದೋಷವಲ್ಲ, ಇರುವುದೇ ಹಾಗೆ.

ಇನ್ನು ಹಲವರು ತಪ್ಪಾಗಿ ತಿಳಿದಿರುವ ಸಂಗತಿ ಒಂದಿದೆ. ಕೊಂಡಿ ಎಂದರೆ ಪ್ರತಿ ಸಲವೂ ಹಬ್‌ನಿಂದ ತಂದು ಓಡಿಸುತ್ತದೆ ಎಂದಲ್ಲ. ಕಾಂಪೊನೆಂಟ್‌ನ ಪೂರ್ತಿ ಪ್ರತಿ ನಿಮ್ಮ ವರ್ಕ್‌ಫ್ಲೋದೊಳಗೇ ಇರುತ್ತದೆ. ನೆಟ್ ಇಲ್ಲದಿದ್ದರೂ ಓಡುತ್ತದೆ, ನವೀಕರಣದ ವಿಚಾರಣೆ ಮಾತ್ರ ನಡೆಯುವುದಿಲ್ಲ. ಆದ್ದರಿಂದ ಹಳೆಯ ವರ್ಕ್‌ಫ್ಲೋ ಎಲ್ಲಾದರೂ ಉಳಿದಿದ್ದರೆ ತೆರೆಯಿರಿ, ಕೇಳಿದಾಗ ಬೇಡ ಎನ್ನಿ. ಹಳೆಯ ಕಾಂಪೊನೆಂಟ್ ಹಾಗೆಯೇ ಸಿಗುತ್ತದೆ. ಎರಡರ ಔಟ್‌ಪುಟ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಕಾಲಂ ಹೆಸರುಗಳನ್ನು ತಾಳೆ ನೋಡಿ.

ಭತ್ತದ_ಲೆಕ್ಕ:
ಪೆನ್‌ಡ್ರೈವ್‌ನಲ್ಲಿ ಹಳೆಯದು ಇತ್ತು. ನಿಮ್ಮ ಊಹೆ ಸರಿ. ಮೊದಲು ‘ದರ’ ಎಂದು ಹೊರಬರುತ್ತಿದ್ದ ಕಾಲಂ ಈಗ ‘ದರ_ಫಿಲ್ಡ್’ ಎಂದು ಬರುತ್ತಿದೆ. ನನ್ನ ಸೂತ್ರ ಇನ್ನೂ ‘ದರ’ವನ್ನೇ ಹುಡುಕುತ್ತಿದೆ. ಒಂದು ಬಾಲಕ್ಕಾಗಿ ಎರಡು ಸಂಜೆ ಹಾಳು! ಕೊಂಡಿ ಕಡಿದು ಒಳಗಿನ ಹೆಸರನ್ನೇ ಮೊದಲಿನಂತೆ ಮಾಡಿಬಿಡಲೇ?

ಗಂಗಾವತಿ_ಗಿರಣಿ:
ಆತುರ ಬೇಡ. ಕೊಂಡಿ ಕಡಿಯುವುದು ಸುಲಭ: ಬಲ ಕ್ಲಿಕ್ಕಿನಲ್ಲಿ ನಿಮ್ಮ ಆವೃತ್ತಿಗೆ ತಕ್ಕಂತೆ ಡಿಸ್ಕನೆಕ್ಟ್ ಲಿಂಕ್ ಅಥವಾ ಅನ್‌ಲಿಂಕ್ ಎಂದಿರುತ್ತದೆ. ಆದರೆ ಕಡಿದ ಮೇಲೆ ಪ್ರಕಾಶಕರು ಮುಂದೆ ಮಾಡುವ ಯಾವ ದುರಸ್ತಿಯೂ ನಿಮಗೆ ಬರುವುದಿಲ್ಲ. ನೈಮ್ ಸಂಸ್ಥೆಯೇ ಬರೆದು ನಿರ್ವಹಿಸುವ ‘ವೆರಿಫೈಡ್’ ಕಾಂಪೊನೆಂಟ್‌ಗಳನ್ನು ನಾನು ಎಂದೂ ಕಡಿಯುವುದಿಲ್ಲ. ಬಳಕೆದಾರರು ಹಂಚಿಕೊಂಡವುಗಳ ಮಾತು ಬೇರೆ. ಬರೆದವರು ಅದನ್ನು ಮರೆತಿದ್ದಾರೆ ಎನಿಸಿದರೆ ಕಡಿದು ನನ್ನದಾಗಿಸಿಕೊಳ್ಳುತ್ತೇನೆ.

ನಿಮ್ಮ ತೊಂದರೆಗೆ ಅಷ್ಟು ದೂರ ಹೋಗಬೇಕಿಲ್ಲ. ಕಾಂಪೊನೆಂಟ್ ಮುಗಿದ ಕೂಡಲೇ ಒಂದು ಕಾಲಂ ರಿನೇಮರ್ ಇಡಿ, ‘ದರ_ಫಿಲ್ಡ್’ ಅನ್ನು ಅಲ್ಲಿಯೇ ‘ದರ’ ಮಾಡಿ. ಹೊರಗಿನವರ ಕಾಂಪೊನೆಂಟ್ ಯಾವುದೇ ಇರಲಿ, ಅದರ ಮುಂದೆ ಹೀಗೊಂದು ಅಗಸೆ ಬಾಗಿಲು ಇಟ್ಟುಬಿಡುತ್ತೇನೆ. ಅವರು ಹೆಸರು ಬದಲಿಸಿದರೆ ತಿದ್ದಬೇಕಾದದ್ದು ಒಂದೇ ಕಡೆ, ಮುಂದಿನ ಇಪ್ಪತ್ತು ನೋಡ್‌ಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪ್ರಕಾಶಕರು ಹಬ್‌ನಲ್ಲಿ ಆವೃತ್ತಿಗಳನ್ನು ಗುರುತಿಸಿಟ್ಟಿದ್ದರೆ ಹಳೆಯ ಆವೃತ್ತಿಗೇ ಕೊಂಡಿ ಹಾಕಿ ಸುಮ್ಮನಿರಲೂಬಹುದು. ಗುರುತಿಸದಿದ್ದರೆ ಆ ದಾರಿ ಇಲ್ಲ.

ಭತ್ತದ_ಲೆಕ್ಕ:
ರಿನೇಮರ್ ಇಟ್ಟೆ, ದೀಪ ಹಸಿರಾಯಿತು. ಆದರೆ ಇನ್ನೊಂದು ತೊಡಕು. ಪಟ್ಟಿಯ ಮೊದಲ ದಿನಾಂಕವನ್ನು ಹೊರಗೆ ಒಂದು ಫ್ಲೋ ವೇರಿಯೇಬಲ್ (ನೋಡ್‌ನಿಂದ ನೋಡ್‌ಗೆ ಸಾಗುವ ಒಂದು ಮೌಲ್ಯ) ಮಾಡಿ ಇಟ್ಟಿದ್ದೇನೆ. ಹೊಸ ಆವೃತ್ತಿಯ ಕಾಂಪೊನೆಂಟ್ ‘ಆರಂಭದ ದಿನ’ ಕೇಳುತ್ತದೆ, ಆದರೆ ನನ್ನ ವೇರಿಯೇಬಲ್ ಅದಕ್ಕೆ ಕಾಣುವುದೇ ಇಲ್ಲ.

ಮಾನ್ವಿ_ಕೊನೆಕಾಲುವೆ:
ಕಾಲುವೆಯ ಕೊನೆಯಲ್ಲಿರುವವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯಲ್ಲಿ ಎಷ್ಟು ನೀರು ಬಿಟ್ಟರೇನು, ತೂಬು ಮುಚ್ಚಿದ್ದರೆ ಗದ್ದೆ ಒಣಗಿಯೇ ಇರುತ್ತದೆ. ನೋಡ್‌ಗಳನ್ನು ಬರೀ ಗುಂಪಾಗಿಸುವ ಮೆಟಾನೋಡ್‌ನಲ್ಲಿ ವೇರಿಯೇಬಲ್‌ಗಳು ತಾವಾಗಿ ಒಳಗೆ ಹರಿಯುತ್ತವೆ. ಕಾಂಪೊನೆಂಟ್‌ಗೆ ತನ್ನದೇ ಏರಿ ಇದೆ, ಒಳಗಿರುವ ಕಾಂಪೊನೆಂಟ್ ಇನ್‌ಪುಟ್ ನೋಡ್‌ನಲ್ಲಿ ಆಯ್ದವು ಮಾತ್ರ ಒಳಬರುತ್ತವೆ. ಹೊರಬರಲು ಔಟ್‌ಪುಟ್ ನೋಡ್‌ನದೂ ಇದೇ ನಿಯಮ. ಕೊಂಡಿ ಇರುವಾಗ ಆ ನೋಡ್ ನಿಮ್ಮ ಕೈಗೆ ಸಿಗುವುದಿಲ್ಲ. ಆದರೆ ‘ಆರಂಭದ ದಿನ’ ಎಂಬುದನ್ನು ಪ್ರಕಾಶಕರೇ ಸೆಟಿಂಗ್ಸ್ ಕಿಟಕಿಯಲ್ಲಿ ಕೊಟ್ಟಿದ್ದಾರಲ್ಲ, ಅದೇ ಕಿಟಕಿಯ ಫ್ಲೋ ವೇರಿಯೇಬಲ್ಸ್ ಪುಟದಲ್ಲಿ ಆ ಆಯ್ಕೆಯ ಎದುರು ನಿಮ್ಮ ವೇರಿಯೇಬಲ್ ಜೋಡಿಸಿ. ಪ್ರಕಾಶಕರು ಬಿಟ್ಟುಕೊಟ್ಟ ತೂಬು ಅದು. ಎರಡರ ಬಗೆಯೂ ಒಂದೇ ಇರಬೇಕು: ಅದು ಅಕ್ಷರರೂಪದ ದಿನಾಂಕ ಕೇಳುತ್ತಿದ್ದರೆ ನಿಮ್ಮದೂ ಅಕ್ಷರವೇ ಆಗಿರಲಿ, ಸಂಖ್ಯೆಯಲ್ಲ.

ಭತ್ತದ_ಲೆಕ್ಕ:
ನನ್ನದು ಸಂಖ್ಯೆಯಾಗಿತ್ತು. ಅಕ್ಷರಕ್ಕೆ ಬದಲಿಸಿ ಜೋಡಿಸಿದೆ, ಹಿಡಿಯಿತು. ಸೋನಾ ಮಸೂರಿಯ ಗೆರೆ ಈಗ ಮೊದಲಿನಂತೆಯೇ ಮೂಡುತ್ತಿದೆ. ತಂದೆಯವರು ಕೆಂಪು ಬಟ್ಟೆಯ ಖಾತೆ ಪುಸ್ತಕ ತೆಗೆದು ತಾಳೆ ನೋಡಿ ಎರಡು ದಿನದ ದರ ತಪ್ಪಾಗಿದೆ ಎಂದರು. ಹುಡುಕಿದರೆ ಅದು ಕಾಂಪೊನೆಂಟಿನದಲ್ಲ, ಎಕ್ಸೆಲ್‌ನಲ್ಲಿ ನಾನೇ ಟೈಪಿಸಿದ್ದು.